ಐವತ್ತು ಸೇರು ಹೂಕೋಸು

ಬೆಚ್ಚಗಿನ ನೀರಿಗೆ ಅರಿಸಿನ, ಉಪ್ಪು ಹಾಕಿ ಬಿಡಿಸಿದ ಹೂಕೋಸನ್ನು ಮುಳುಗಿಸಿದಾಗ ಒಂದು ವಾಸನೆ ಏಳುತ್ತದೆ. ಹಸಿಯದೂ ಅಲ್ಲ, ಬೆಂದದ್ದೂ ಅಲ್ಲ, ಎರಡರ ನಡುವಿನದು. ಹೋದ ತಿಂಗಳು ಒಂದು ಭಾನುವಾರ ಆ ವಾಸನೆ ಅಡಿಗೆಮನೆಯಿಂದ ನಡುಮನೆಗೆ ಬಂತು. ಸೊಸೆ ಮೊಬೈಲಿನಲ್ಲಿ ನೋಡಿಕೊಂಡು ಏನೋ ಹೊಸ ಅಡಿಗೆ ಮಾಡುತ್ತಿದ್ದಳು. "ಅತ್ತೆ, ಇದರಲ್ಲಿ ನಾಲ್ಕು ಕಪ್ ಅಂತ ಇದೆ. ಒಂದು ಹೂಕೋಸು ಅಂದರೆ ಎಷ್ಟು ಕಪ್ ಆಗುತ್ತೆ?" ಎಂದು ಅಲ್ಲಿಂದಲೇ ಕೂಗಿದಳು.

"ಎಲೆ ಸಮೇತ ಒಂದು ಕೆಜಿ ಇದ್ದರೆ, ಬಿಡಿಸಿದ ಮೇಲೆ ಒಂದು ಸೇರು ಒಂದು ಪಾವು. ನಿನ್ನ ಕಪ್ಪಿನಲ್ಲಿ ಐದಾದೀತು" ಎಂದೆ.

ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ನಲವತ್ತು ವರ್ಷದಿಂದ ಆ ಲೆಕ್ಕ ನನ್ನ ಬಾಯಿಗೆ ಬಂದಿರಲಿಲ್ಲ. ಎದ್ದು ಹೋಗಿ ಪಾತ್ರೆಯ ಮೇಲೆ ಬಗ್ಗಿ ನೋಡಿದೆ. ನಾನು ಹುಡುಕುತ್ತಿದ್ದುದು ಹುಳವನ್ನು. ಒಂದೂ ಇರಲಿಲ್ಲ. ಸೊಸೆಗೆ ಅದು ಸಮಾಧಾನದ ವಿಷಯ. ನಾನು ಮಾತ್ರ ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ.

ಆ ಲೆಕ್ಕ ನನ್ನದಲ್ಲ. ಚನ್ನಗಿರಿಯಲ್ಲಿ ನಮ್ಮ ಹಿಂದಲ ಮನೆಯಲ್ಲಿದ್ದ ದೊಡ್ಡಮ್ಮನದು. ರಕ್ತಸಂಬಂಧವೇನೂ ಇರಲಿಲ್ಲ. ಎರಡು ಮನೆಗೂ ನಡುವೆ ಎದೆಯೆತ್ತರದ ಒಂದು ಗೋಡೆ. ಅದರ ಮೇಲೆ ಕೈಯೂರಿ ನಿಂತು ಮಾತಾಡುತ್ತ ಬೆಳೆದವಳು ನಾನು. ಗಂಡ ತೀರಿಕೊಂಡ ಮೇಲೆ ಆಕೆ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಮದುವೆ ಮನೆಗಳಲ್ಲಿ ಅಡಿಗೆ ಹಿಡಿಯುತ್ತಿದ್ದಳು. ಹೊನ್ನಾಳಿ, ನ್ಯಾಮತಿ, ಸಂತೇಬೆನ್ನೂರು... ಎಲ್ಲಿಂದ ಕರೆ ಬಂದರೂ ಹೋಗುವಳು. ಹೋಗುವಾಗ ಬಟ್ಟೆಯ ಗಂಟಿನಲ್ಲಿ ಒಂದು ಹಿತ್ತಾಳೆ ಸೇರು ಇರಲೇಬೇಕು. ಯಾರ ಮನೆಯ ಸೇರಿನಲ್ಲೂ ಆಕೆ ಅಳೆಯುತ್ತಿರಲಿಲ್ಲ. ಹೊನ್ನಾಳಿ ಕಡೆಯವರು ಸೇರನ್ನು ಗೋಪುರದ ಹಾಗೆ ತುಂಬುತ್ತಾರೆ, ಜಗಳೂರಿನವರು ಬಾಯಿ ಸವರಿ ಅಳೆಯುತ್ತಾರೆ, ಹೀಗಿರುವಾಗ ಯಾರ ಮಾತು ನಂಬುವುದು ಎನ್ನುವಳು. ನನಗೆ ಅದು ಆಕೆಯ ಜಂಬದಂತೆ ಕಾಣುತ್ತಿತ್ತು.

ಹೂಕೋಸು ಆಗ ನಮ್ಮ ಕಡೆ ಇನ್ನೂ ಹೊಸದು. ಎಪ್ಪತ್ತರ ದಶಕದ ನಡುವಿನಲ್ಲಿ ಒಂದೊಂದು ಮದುವೆಯ ಎಲೆಯ ಮೇಲೆ ಕಾಣಿಸಿಕೊಂಡಿತು. ಆಮೇಲೆ ಅದಿಲ್ಲದಿದ್ದರೆ ಬೀಗರಿಗೆ ಮರ್ಯಾದೆ ಮಾಡಿದಂತಾಗಲಿಲ್ಲ ಎನ್ನುವ ಮಟ್ಟಕ್ಕೆ ಬಂತು. ಆದರೆ ಎಷ್ಟು ತರಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ. ಬುಟ್ಟಿಯಲ್ಲಿ ಎಲೆ ಬಿಚ್ಚಿಕೊಂಡು ಕೂತಾಗ ಊರಿಗೇ ಆಗುವಷ್ಟು ಕಾಣುತ್ತಿತ್ತು. ಬೆಂದ ಮೇಲೆ ಬಾಣಲೆಯ ತಳದಲ್ಲಿ ಹುಡುಕಬೇಕಿತ್ತು. ಹೊನ್ನಾಳಿಯ ಒಂದು ಮದುವೆಯಲ್ಲಿ ಮೂರನೇ ಪಂಕ್ತಿಯವರಿಗೆ ಬರೀ ಆಲೂಗಡ್ಡೆ ಬಂದು ಜಗಳವೇ ಆಯಿತಂತೆ. ದೊಡ್ಡಮ್ಮ ತನ್ನ ಲೆಕ್ಕ ಕಟ್ಟಿಕೊಂಡದ್ದು ಅದರ ನಂತರ.

"ನೋಡವ್ವಾ ಬಿಯಸ್ಸಿ" ಎಂದು ನನಗೆ ಹೇಳಿದ್ದಳು. ನಾನು ದಾವಣಗೆರೆಯಲ್ಲಿ ಬಿ.ಎಸ್ಸಿ. ಮುಗಿಸಿ ಊರಿನಲ್ಲೇ ಹೈಸ್ಕೂಲಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ಆಕೆಗೆ ಅದೇ ನನ್ನ ಅಡ್ಡಹೆಸರು. "ರಾಶಿಯಾಗೆ ದೊಡ್ಡದು ಒಂದು, ಸಣ್ಣದು ಒಂದು, ನಡುವಿಂದು ಒಂದು ತಗಾ. ಮೂರೂ ಬಿಡಿಸಿ ಅಳೆದ್ರೆ ಇಡೀ ಗಾಡಿ ಹೂವಿನ ಜಾತಕ ಬರ್ತೈತೆ."

ನಾನು ಕಾಲೇಜಿನಲ್ಲಿ ದಪ್ಪ ಪುಸ್ತಕ ಹಿಡಿದು ಕಲಿತದ್ದನ್ನು ಆಕೆ ಜಗಲಿಯ ಮೇಲೆ ಈಳಿಗೆಮಣೆ ಹಾಕಿಕೊಂಡು ಕಂಡುಕೊಂಡಿದ್ದಳು. ಒಂದು ಹೂವಿಗೆ ಸೇರು ಮೇಲೆ ಪಾವು, ಅಂದರೆ ಒಂದೂಕಾಲು ಸೇರು. ಆಲೂಗಡ್ಡೆ, ಬಟಾಣಿ ಜೊತೆ ಹಾಕಿದರೆ ಒಂದು ಸೇರು ಎಂಟು ಎಲೆಗೆ. ಹಾಗಾಗಿ ನಾನೂರು ಜನರಿಗೆ ಐವತ್ತು ಸೇರು, ಅಂದರೆ ನಲವತ್ತು ಹೂವು. ಇಷ್ಟೇ. ಬಿಡಿಸಿದ್ದನ್ನು ಉಪ್ಪು ಅರಿಸಿನದ ನೀರಿಗೆ ಹಾಕಿ ಪಕ್ಕದಲ್ಲೇ ಕೂರುವಳು. ಸ್ವಲ್ಪ ಹೊತ್ತಿಗೆ ಸಣ್ಣ ಹಸಿರು ಹುಳಗಳು ಹೂವಿನ ಸಂದಿಯಿಂದ ಎದ್ದು ಕೊಪ್ಪರಿಗೆಯ ಅಂಚಿಗೆ ಹತ್ತುತ್ತಿದ್ದವು. ಆಕೆಗೆ ಅದರಿಂದ ಅಸಹ್ಯವಿರಲಿಲ್ಲ. "ಹುಳ ಜೀವಂತ ಎದ್ದ್ ಬಂದ್ರೆ ಹೂವು ಚಲೋ ಐತೆ ಅಂತ. ಅದು ತಿನ್ನಾಕೆ ಹೆದರಿದ್ದನ್ನ ನಾನು ಜನಕ್ಕೆ ಬಡಿಸ್ಲೇನು?" ಎನ್ನುವಳು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನ ತಮ್ಮನಿಗೆ ಜಗಳೂರಿನ ಹೆಣ್ಣು ಗೊತ್ತಾಯಿತು. ಮದುವೆ ಹೆಣ್ಣಿನ ಮನೆಯಲ್ಲಿ. ಅಡಿಗೆಗೆ ನಮ್ಮ ದೊಡ್ಡಮ್ಮನನ್ನೇ ಕರೆಸಬೇಕು ಎಂದು ಹೇಳಿದವಳು ನಾನು. ಸಾಮಾನಿನ ಪಟ್ಟಿಯನ್ನು ಆಕೆ ಹೇಳುತ್ತ ಹೋದಳು, ನಾನು ಬರೆದೆ. ಹೂಕೋಸು ಐವತ್ತು ಸೇರು, ನಲವತ್ತು ಹೂವು ಬರಿ ಎಂದಳು. ಪೇಟೆಯಲ್ಲಿ ಈಗ ಎಲ್ಲ ಕೆಜಿ ಲೆಕ್ಕ, ಸೇರು ಎಂದರೆ ನಗುತ್ತಾರೆ ಎಂದು ನಾನು ಹೂವಿನ ಲೆಕ್ಕವನ್ನು ಬಿಟ್ಟೆ. ಅಂಗಡಿಗೆ ಒಂದು ಸೇರು ಬಿಡಿಸಿದ ಹೂವನ್ನು ಒಯ್ದು ತೂಗಿಸಿದೆ. ನಾನೂರ ನಲವತ್ತು ಗ್ರಾಂ ಬಂತು. ಐವತ್ತರಿಂದ ಗುಣಿಸಿ, ಕಾಗದದಲ್ಲಿ ದುಂಡಗೆ ಬರೆದೆ: ಇಪ್ಪತ್ತೆರಡು ಕೆಜಿ.

ತಪ್ಪು ಎಲ್ಲಿದೆ ಎಂದು ಓದುವವರಿಗೆ ಆಗಲೇ ಹೊಳೆದಿರಬಹುದು. ನನಗೆ ಹೊಳೆದದ್ದು ಮದುವೆಯ ದಿನ ಬೆಳಿಗ್ಗೆ.

ಜಗಳೂರಿನ ಮನೆಯ ಹಿತ್ತಿಲಿನಲ್ಲಿ ಚಪ್ಪರ ಹಾಕಿ ಒಲೆ ಹೂಡಿದ್ದರು. ಏಳು ಗಂಟೆಗೆ ದೊಡ್ಡಮ್ಮನ ಹೆಂಗಸರು ಹೂವು ಬಿಡಿಸಿ ಮುಗಿಸಿದರು. ಹನ್ನೆರಡು ಸೇರು ಅಳೆದು ಮೊದಲ ಕೊಪ್ಪರಿಗೆಯ ನೀರಿಗೆ ಹಾಕಿದ ದೊಡ್ಡಮ್ಮ, ಬಟ್ಟೆಯ ಮೇಲೆ ಉಳಿದ ರಾಶಿಯನ್ನು ಕಣ್ಣಲ್ಲೇ ಅಳೆದು, "ಇನ್ನು ಹದಿನೈದು. ಅಲ್ಲಿಗೆ ಇಪ್ಪತ್ತೇಳಾತು. ಉಳಿದದ್ದು ಎಲ್ಲೈತೆ?" ಎಂದಳು.

ಹೆಣ್ಣಿನ ತಂದೆ ಅಲ್ಲೇ ಇದ್ದರು. "ಎಲ್ಲೈತೆ ಅಂದ್ರೆ? ಕಾಗದದಾಗೆ ಇಪ್ಪತ್ತೆರಡು ಕೆಜಿ ಅಂತ ಬರ್ದಿದ್ರಿ, ದಾವಣಗೆರೆಯಿಂದ ತೂಗಿಸ್ಕೊಂಡು ತಂದೀನಿ. ಈಗ ಅರ್ಧ ಅಂದ್ರೆ ಹೂವಿನ ಗಿಡ ನೆಡಾಕೆ ಹೋಗ್ಲೇನ್ರೀ?"

ದೊಡ್ಡಮ್ಮ ನನ್ನ ಮುಖ ನೋಡಿದಳು. ಪಕ್ಕದಲ್ಲಿ ಎಲೆ, ದಂಟಿನ ಗುಡ್ಡೆ ಬಿದ್ದಿತ್ತು. ಹೂವಿಗಿಂತ ಅದೇ ಹೆಚ್ಚು ತೂಕವಿದ್ದಂತೆ ಕಂಡಿತು. ನಾನು ಬರೆದದ್ದು ಬಿಡಿಸಿದ ಹೂವಿನ ತೂಕ, ಪೇಟೆಯಲ್ಲಿ ತೂಗಿದ್ದು ಎಲೆ, ದಂಟು ಸಮೇತ. "ಎಲೆ ಮರ್ತ್ಯಲ್ಲವ್ವಾ..." ಎಂದು ನನಗೆ ಮಾತ್ರ ಕೇಳುವಂತೆ ಹೇಳಿ, ಅವರ ಕಡೆ ತಿರುಗಿ, "ಇರ್ಲಿ ಬಿಡ್ರಿ ಯಜಮಾನ್ರೇ. ಆಲೂಗಡ್ಡೆ ಐತೆ. ಪ್ರತಿ ಎಲೆಗೂ ಹೂವು ಕಣ್ಣಿಗೆ ಕಾಣಂಗೆ ನಾನು ಬಡಿಸ್ತೀನಿ" ಎಂದಳು.

ಅಲ್ಲಿಗೆ ಮುಗಿಯಬೇಕಿತ್ತು. ಅವರು ಗೊಣಗುತ್ತ ಹೋದರು, ಆಕೆ ಸಿಹಿಯ ಪಾಕ ನೋಡಲು ಹೋದಳು. ನಾನು ಸುಮ್ಮನಿರಲಿಲ್ಲ. ಬೀಗರ ಮನೆಯಲ್ಲಿ, ಅಷ್ಟು ಹೆಂಗಸರ ಎದುರು, ಓದಿದವಳ ಲೆಕ್ಕ ತಪ್ಪಿತು ಎಂದಾಗುವುದು ನನಗೆ ಬೇಡವಾಗಿತ್ತು. ಆಕೆಯ ಹಳೆಯ ಸೇರೇ ದೊಡ್ಡದಿರಬೇಕು, ಅದಕ್ಕೇ ಕಡಿಮೆ ಬಂದಿದೆ ಎಂದು ನನಗೆ ನಾನೇ ಹೇಳಿಕೊಂಡು ಮನೆಯ ಉಗ್ರಾಣಕ್ಕೆ ಹೋದೆ. ಬಿಸಿಲಿನಿಂದ ಒಳಗೆ ಹೋದವಳಿಗೆ ಕಣ್ಣು ಕತ್ತಲೆ. ಬಿತ್ತನೆಯ ಶೇಂಗಾ, ಜೋಳದ ಚೀಲಗಳು. ಕೆಳಗಿದ್ದ ಎರಡು ಸೇರುಗಳಲ್ಲಿ ಅಕ್ಕಿ ತುಂಬಿಟ್ಟಿದ್ದರು. ಮೇಲೆ, ಗೋಡೆಯ ಮೊಳೆಗೆ ಇನ್ನೊಂದು ತಗಡಿನ ಸೇರು ತೂಗುತ್ತಿತ್ತು. ಚೀಲದ ಮೇಲೆ ಹತ್ತಿ ಅದನ್ನು ತೆಗೆದೆ.

ಉಳಿದ ರಾಶಿಯನ್ನು ಅದರಲ್ಲಿ ಅಳೆಯುತ್ತ ಎರಡನೇ ಕೊಪ್ಪರಿಗೆಗೆ ಹಾಕಿದೆ. ಹದಿನೆಂಟು ಬಂತು. ಖಾತ್ರಿಯಾಗಲಿ ಎಂದು ಮೊದಲನೇ ಕೊಪ್ಪರಿಗೆಯಿಂದಲೂ ನಾಲ್ಕೈದು ಸೇರು ತೆಗೆದು ಅಳೆದು, ಮತ್ತೆ ಅದಕ್ಕೇ ಸುರಿದೆ. "ದೊಡ್ಡಮ್ಮಾ, ಹದಿನೈದು ಅಂದಿರಿ, ಹದಿನೆಂಟು ಬಂತು!" ಎಂದು ಕೂಗಿದೆ.

ಆಕೆ ಪಾಕದಿಂದ ಕಣ್ಣೆತ್ತದೆ ನಕ್ಕಳು. "ಸೇರು ಬದಲಾಯಿಸಿದ್ರೆ ಹೂವು ಹೆಚ್ತಾವೇನವ್ವಾ?" ಸುತ್ತಲಿನ ಹೆಂಗಸರೂ ನಕ್ಕರು.

ಅರ್ಧ ಗಂಟೆಯ ನಂತರ ಆಕೆ ಬಂದು ಕೊಪ್ಪರಿಗೆಗಳ ಪಕ್ಕ ಕೂತಳು. ಮೊದಲನೆಯದರ ಅಂಚಿಗೆ ಹುಳ ಆಗಲೇ ಹತ್ತಿ ಬಂದಿದ್ದವು. ಎರಡನೆಯದರಲ್ಲಿ ಏನೂ ಇರಲಿಲ್ಲ. ಬಗ್ಗಿ ನೋಡಿದಳು. ನೀರಿನ ಮೇಲೆ ಹುಳಗಳು ಸುರುಳಿ ಸುತ್ತಿಕೊಂಡು ತೇಲುತ್ತಿದ್ದವು.

"ಇದರಾಗಿನವು ಯಾಕೆ ಹಿಂಗೆ ಬಿದ್ದಾವೆ?"

"ಚಲೋನೇ ಆತು ಬಿಡಕ್ಕಾ, ಆರ್ಸೋ ಕೆಲ್ಸ ತಪ್ತು" ಎಂದಳು ಜೊತೆಯವಳೊಬ್ಬಳು.

ದೊಡ್ಡಮ್ಮ ನಗಲಿಲ್ಲ. ನೀರಿನ ಮೇಲೆ ಹಿಟ್ಟಿನಂಥ ತೆಳು ಪೊರೆಯಿತ್ತು. ಬಿಳಿ ಹೂವಿನ ಸಂದಿಯಲ್ಲಿ ಬಿಳಿ ಪುಡಿ... ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಬೊಗಸೆಯಲ್ಲಿ ನೀರು ತೆಗೆದು ಮೂಸಿದಳು. ಅವಳ ಮುಖದ ಬಣ್ಣ ಇಳಿದದ್ದನ್ನು ನಾನು ಕಂಡೆ. ಕಲ್ಲಿನ ಮೇಲಿದ್ದ ತಗಡಿನ ಸೇರನ್ನು ಎತ್ತಿಕೊಂಡು, ಒಳಗೆ ಬೆರಳಾಡಿಸಿ, ಬೆರಳನ್ನು ಮೂಸಿ, ನನ್ನ ರಟ್ಟೆ ಹಿಡಿದು ಉಗ್ರಾಣದ ಮರೆಗೆ ಎಳೆದುಕೊಂಡು ಹೋದಳು.

"ಎಲ್ಲಿತ್ತು ಇದು?"

"ಒಳಗೆ... ಮೊಳೆಗೆ."

"ಬಾಯಿ ಗೋಡೆ ಕಡೆ ಮಾಡಿ ತೂಗಾಕಿದ್ರಾ?"

ತಲೆಯಾಡಿಸಿದೆ.

"ಅದು ಬೀಜಕ್ಕೆ ಹುಳದ ಪುಡಿ ಕಲ್ಸೋ ಸೇರು ಕಣೇ. ವಿಷದ್ದು."

ಬೇಸಾಯದ ಮನೆಗಳಲ್ಲಿ ಆ ಸೇರನ್ನು ಬೇರೆ ಸೇರುಗಳ ಜೊತೆ ನೆಲಕ್ಕಿಡುವುದಿಲ್ಲ. ಎತ್ತರದಲ್ಲಿ, ಬಾಯಿಯನ್ನು ಗೋಡೆಗೆ ತಿರುಗಿಸಿ ತೂಗುಹಾಕುತ್ತಾರೆ. ಆ ಮನೆಯಲ್ಲಿ ನಡೆಯಲು ಕಲಿತ ಮಗುವಿಗೂ ಅದು ಗೊತ್ತು. ಬೀದಿಯಲ್ಲಿ ಅಂಗಡಿ ಇದ್ದ ಮನೆಯಲ್ಲಿ ಬೆಳೆದು, ರಸಾಯನಶಾಸ್ತ್ರ ಓದಿದ ನನಗೆ ಗೊತ್ತಿರಲಿಲ್ಲ. ಸ್ವಚ್ಛವಾಗಿಡಲು ಮೇಲೆ ಹಾಕಿದ್ದಾರೆ ಎಂದುಕೊಂಡಿದ್ದೆ.

"ಯಾವುದರಾಗೆಲ್ಲಾ ಹಾಕ್ದಿ?"

"ಎರಡನೇದರಲ್ಲಿ ಮಾತ್ರ" ಎಂದೆ.

ಯಾಕೆ ಹಾಗೆ ಹೇಳಿದೆ... ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಭಯವಿತ್ತು. ತಪ್ಪಿನಲ್ಲಿ ಅರ್ಧವಾದರೂ ಕಡಿಮೆಯಾಗಲಿ ಎಂದಿತ್ತೇನೋ. ಆಕೆ ಮರೆಯಿಂದ ಹೊರಗೆ ಕತ್ತು ಚಾಚಿ, ಮೊದಲನೇ ಕೊಪ್ಪರಿಗೆಯದನ್ನು ಒಗ್ಗರಣೆಗೆ ಹಾಕಿರಿ ಎಂದು ಕೂಗಿ ಹೇಳಿದಳು. ಹೆಂಗಸೊಬ್ಬಳು ಜಾಲರಿಯಲ್ಲಿ ಹೂವನ್ನು ಎತ್ತಿ ನೀರು ಸೋರಲು ಹಿಡಿದಳು. ಎಣ್ಣೆ ಕಾದಿತ್ತು. ಜಾಲರಿಯಿಂದ ನೀರು ತೊಟ್ಟಿಕ್ಕುತ್ತಿದ್ದುದು ಈಗಲೂ ಕಣ್ಣ ಮುಂದಿದೆ. ನಾನು ನೋಡುತ್ತ ನಿಂತಿದ್ದೆ. ಎಷ್ಟು ಹೊತ್ತು ಎಂದು ಹೇಳಲಾರೆ.

ಅಷ್ಟರಲ್ಲಿ ಒಂದು ಮಗು ನಮ್ಮ ಹತ್ತಿರ ಬಂತು. ಮದುಮಗಳ ಅಕ್ಕನ ಮಗಳು, ನಾಲ್ಕು ವರ್ಷದ್ದು. ಹೊಸ ಲಂಗ ತೋರಿಸಲು ಬಂದಿತ್ತು. ಕೈಯಲ್ಲಿ ಹೂಕೋಸಿನ ದಂಟು, ಬಾಯಲ್ಲಿ ಒಂದು ತುಂಡು.

"ಎರಡರಲ್ಲೂ!" ಎಂದು ಕಿರುಚಿದೆ. "ಎರಡರಲ್ಲೂ ಇದೆ ದೊಡ್ಡಮ್ಮಾ."

ಆಕೆ ನನ್ನನ್ನು ನೋಡಲೂ ಇಲ್ಲ. ಮರೆಯಿಂದ ಹೊರಗೆ ಬಿದ್ದು, ಜಾಲರಿ ಹಿಡಿದವಳ ಕೈ ತಡೆದು, ಇಡೀ ಹಿತ್ತಿಲಿಗೆ ಕೇಳುವಂತೆ ಕೂಗಿದಳು: "ಯಾರೂ ಹೂವು ಮುಟ್ಬ್ಯಾಡ್ರಿ! ನನ್ನ ಕೈ ತಪ್ಪಿ ಉಪ್ಪು ಸುರಿದೈತೆ. ಎರಡೂ ಕೊಪ್ಪರಿಗೆ ಕೆಟ್ಟೋದ್ವು."

ಆಮೇಲೆ ಮಗುವಿನ ಬಾಯಿಗೆ ಬೆರಳು ಹಾಕಿ ತುಂಡು ತೆಗೆದು, ನಾಲ್ಕು ಸಲ ಬಾಯಿ ತೊಳೆಸಿ, ಸೊಂಟಕ್ಕೆ ಎತ್ತಿಕೊಂಡು ಬಸ್ ನಿಲ್ದಾಣದ ಕಡೆ ಇದ್ದ ಡಾಕ್ಟರ ಮನೆಗೆ ನಡೆದಳು. ನಾನು ಹಿಂದೆ ಓಡಿದೆ. ಡಾಕ್ಟರಿಗೆ ಮಾತ್ರ ಇದ್ದದ್ದನ್ನು ಇದ್ದಂತೆ ಹೇಳಿದಳು. ಅವರು ಮಗುವಿನ ಕಣ್ಣು, ನಾಡಿ ನೋಡಿ, ದಂಟಿಗೆ ತಗುಲಿದ್ದರೂ ಬಹಳ ಇರಲಾರದು, ಆದರೂ ಸಂಜೆಯವರೆಗೆ ಕಣ್ಣಿಂದ ಮರೆಯಾಗಲು ಬಿಡಬೇಡಿ, ಮಂಕಾದರೆ ತಕ್ಷಣ ತನ್ನಿ ಎಂದರು.

ವಾಪಸ್ಸು ಬಂದು ಆಕೆ ಮಾಡಿದ ಮೊದಲ ಕೆಲಸ ಹಿತ್ತಿಲ ಮೂಲೆಯಲ್ಲಿ ಗುಂಡಿ ತೋಡಿಸಿದ್ದು. ಹೂವು, ದಂಟು, ಎಲೆ, ಆ ತಗಡಿನ ಸೇರು ಎಲ್ಲ ಅದರೊಳಗೆ ಹೋದವು. ಮಣ್ಣು ಮುಚ್ಚುವವರೆಗೂ ನಿಂತಿದ್ದಳು. ಹೆಣ್ಣಿನ ಕಡೆಯ ಹಿರಿಯರೊಬ್ಬರು, "ಉಪ್ಪಿನ ಹೂವು ದನ ತಿನ್ನಲ್ವೇನಮ್ಮಾ? ಹೂಳೋದ್ಯಾಕೆ?" ಎಂದರು.

"ನಿಮ್ಮ ದನಕ್ಕೂ ಬಿ.ಪಿ. ಬರ್ಲಿ ಅಂತೀರೇನು?" ಎಂದಳು. ಎಲ್ಲರೂ ನಕ್ಕರು.

ಹೆಣ್ಣಿನ ತಂದೆ ನಗಲಿಲ್ಲ. "ಚನ್ನಗಿರಿಯಿಂದ ಕರೆಸಿದ್ದಕ್ಕೆ ಉಪ್ಪಿನ ಅಳತೆ ಗೊತ್ತಿಲ್ಲದೋರು ಸಿಕ್ರಲ್ಲಪ್ಪಾ" ಎಂದು ನಮ್ಮ ಕಡೆಯ ಹಿರಿಯರ ಎದುರಿಗೇ ಅಂದರು. ದೊಡ್ಡಮ್ಮ ತಲೆ ತಗ್ಗಿಸಿ, "ತಪ್ಪಾತು ಯಜಮಾನ್ರೇ" ಎಂದಳು. ನಾನು ಅಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ.

ಮುಹೂರ್ತವಾಯಿತು. ನಾನೂರು ಜನ ಆಲೂಗಡ್ಡೆ ಪಲ್ಯ ಉಂಡರು. ಆಕೆ ಇಡೀ ದಿನ ಆ ಮಗುವನ್ನು ಕೆಳಗಿಳಿಸಲಿಲ್ಲ. ಸೊಂಟದಲ್ಲಿ ಮಗು, ಕೈಯಲ್ಲಿ ಸೌಟು. ನಡುನಡುವೆ ಕೂತು, ತೊಡೆಯ ಮೇಲಿಟ್ಟುಕೊಂಡು, ಬೆರಳು ಎಣಿಸು ಎನ್ನುವಳು, ಕಣ್ಣಿನ ರೆಪ್ಪೆ ಬಿಡಿಸಿ ನೋಡುವಳು. ಸಂಜೆಯ ಹೊತ್ತಿಗೆ ಮಗು ಆಕೆಯ ಬಳೆಗಳ ಜೊತೆ ಆಡುತ್ತಿತ್ತು. ಏನೂ ಆಗಲಿಲ್ಲ.

ಏನೂ ಆಗಲಿಲ್ಲ ಎಂದು ನಾನು ಬಹಳ ಸಲ ಹೇಳಿಕೊಂಡಿದ್ದೇನೆ. ಆದರೂ ಜಾಲರಿ ಎಣ್ಣೆಗೆ ಇಳಿಯುತ್ತದೆ, ಮಗು ಬರುವುದಿಲ್ಲ, ನಾನು ಸುಮ್ಮನೆ ನಿಂತಿರುತ್ತೇನೆ, ಪಂಕ್ತಿಯ ಮೇಲೆ ಪಂಕ್ತಿ ಕೂರುತ್ತದೆ... ಹೀಗೆ ಅದು ನನ್ನೊಳಗೆ ಇನ್ನೊಂದು ರೀತಿಯಲ್ಲಿ ನಡೆಯುತ್ತಲೇ ಇರುತ್ತದೆ.

ಊರಿಗೆ ಮರಳಿದ ಮೇಲೆ ಗೋಡೆಯ ಹತ್ತಿರ ನಿಂತು, ಎಲ್ಲರಿಗೂ ಹೇಳಿಬಿಡುತ್ತೇನೆ ಎಂದೆ.

"ಯಾರ್ಗೆ ಹೇಳ್ತಿ? ಹೆಣ್ಣಿನ ಮನೆಯಾಗೆ ಅನ್ನಕ್ಕೆ ವಿಷ ಬಿದ್ದಿತ್ತು ಅಂತ ನಿಮ್ಮ ಮಂದಿ ಬಾಯಿಗೆ ಬಂದ್ರೆ, ಆ ಹುಡುಗಿ ಸಾಯೋ ತನಕ ಕೇಳ್ಬೇಕು. ಬಂದ ದಿನಾನೇ ಆ ಮಾತು ಜೊತೆಗೆ ಬರ್ಬಾರ್ದು. ಉಪ್ಪು ಅಂದ್ರೆ ನನ್ನ ಮ್ಯಾಲೆ ಮುಗೀತೈತೆ. ಸುಮ್ನಿರು."

ನಾನು ಸುಮ್ಮನಿದ್ದೆ. ಆಕೆ ಹೇಳಿದ್ದಕ್ಕಾಗಿ ಎಂದುಕೊಂಡೆ. ನಿಜವಾಗಿ ನನಗೆ ಹಗುರಾಗಿತ್ತು.

ಅದು ಆಕೆಯ ಮೇಲೆ ಮುಗಿಯಿತು. ಉಪ್ಪಿನ ಕಥೆ ಬೀಗರಿಂದ ಬೀಗರಿಗೆ ಹೋಯಿತು. ನ್ಯಾಮತಿಯಲ್ಲಿ ಒಪ್ಪಿಕೊಂಡಿದ್ದ ಮದುವೆಯವರು ಬೇರೆ ಅಡಿಗೆಯವರನ್ನು ಗೊತ್ತುಮಾಡಿದರು. ಹೊನ್ನಾಳಿಯ ಕರೆಗಳು ನಿಂತವು. ಜೊತೆಯ ಹೆಂಗಸರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಕೊನೆಗೆ ನಮ್ಮ ಬೀದಿಯ ನಾಮಕರಣ, ತಿಥಿಗಳಿಗೆ ಮಾತ್ರ ಆಕೆಯ ಕೈ ಉಳಿಯಿತು. ಗೋಡೆಯಾಚೆಯಿಂದ "ಏನವ್ವಾ ಬಿಯಸ್ಸಿ" ಎಂದು ಕರೆಯುವುದನ್ನು ಮಾತ್ರ ಬಿಡಲಿಲ್ಲ. ಆ ದಶಕ ಮುಗಿಯುವ ಮೊದಲೇ ತೀರಿಕೊಂಡಳು.

ಸೊಸೆ ಕಪ್ ಲೆಕ್ಕ ಕೇಳಿದ ಎರಡು ವಾರಕ್ಕೆ ಹೊನ್ನಾಳಿಯಲ್ಲಿ ತಮ್ಮನ ಮೊಮ್ಮಗನ ನಾಮಕರಣವಿತ್ತು. ಊಟಕ್ಕೆ ಕೂತಾಗ ಯಾರೋ ಪಲ್ಯಕ್ಕೆ ಉಪ್ಪು ಮುಂದಾಗಿದೆ ಎಂದರು. ತಮ್ಮನ ಹೆಂಡತಿ ನಗುತ್ತ, "ನಮ್ಮ ಮದುವೇಲಿ ಚನ್ನಗಿರಿಯಿಂದ ಒಬ್ಬ ಅಡಿಗೆಯಮ್ಮ ಬಂದಿದ್ಲು ನೋಡ್ರಿ, ಎರಡು ಕೊಪ್ಪರಿಗೆ ಹೂಕೋಸಿಗೆ ಉಪ್ಪು ಸುರ್ದು ಹೂಳಿ ಹೋದ್ಲು" ಎಂದು ಶುರು ಮಾಡಿದಳು. ಆ ಮನೆಯಲ್ಲಿ ನಲವತ್ತು ವರ್ಷದಿಂದ ಹೇಳಿ ನಗುವ ಕಥೆ. ಪ್ರತಿ ಸಲವೂ ನಾನು ಎಲೆ ನೋಡುತ್ತ ಕೂರುತ್ತಿದ್ದೆ.

"ಉಪ್ಪು ಹೆಚ್ಚಾಗಿರಲಿಲ್ಲ" ಎಂದೆ.

ಮೊದಲಿನಿಂದ ಹೇಳಿದೆ. ಕಾಗದ, ಕೆಜಿ, ಮೊಳೆಯ ಸೇರು, ನಾನು ಹೇಳಿದ ಸುಳ್ಳು. ತಮ್ಮನ ಹೆಂಡತಿ ಅನ್ನದಲ್ಲಿಟ್ಟ ಕೈಯನ್ನು ಎತ್ತಲಿಲ್ಲ. "ನಮ್ಮಪ್ಪ ಆಯಮ್ಮಗೆ ಅಷ್ಟು ಜನರ ಮುಂದೆ ಅಂದ್ರಲ್ಲ ಅಕ್ಕಾ..." ಎಂದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಊಟವಾದ ಮೇಲೆ ಅವಳ ಅಕ್ಕನ ಮಗಳು, ಅಂದು ದಂಟು ಹಿಡಿದು ಬಂದಿದ್ದ ಮಗು, ನನ್ನ ಪಕ್ಕ ಬಂದು ಜಮಖಾನದ ಮೇಲೆ ಕೂತಳು. ಈಗ ಅವಳ ಮಗನೇ ಕಾಲೇಜಿಗೆ ಹೋಗುತ್ತಾನೆ.

"ನಂಗೆ ಆ ಮದುವೇದು ಒಂದೇ ನೆನಪೈತೆ ಅತ್ತೆ" ಎಂದಳು. "ಯಾರೋ ಒಬ್ರು ಇಡೀ ದಿನ ನನ್ನ ಎತ್ಕೊಂಡಿದ್ರು. ಯಾರು ಕೇಳಿದ್ರೂ ಕೊಡ್ಲಿಲ್ಲ. ಅವ್ವನಿಗೂ ಕೊಡ್ಲಿಲ್ಲ. ಅಷ್ಟು ಮುದ್ದು ಮಾಡಿದ್ದು ಯಾರು ಅಂತ ಎಷ್ಟೋ ಸಲ ಮನೇಲಿ ಕೇಳೀನಿ. ಯಾರಿಗೂ ನೆನಪಿರ್ಲಿಲ್ಲ."

ನಾನು ಅವಳ ಕೈ ಹಿಡಿದುಕೊಂಡೆ. ಇದನ್ನು ಕೇಳಬೇಕಾಗಿದ್ದ ದೊಡ್ಡಮ್ಮ ಇರಲಿಲ್ಲ.